ಫೈಲ್ ಎಲ್ಲ ಬಂತು, ಕಂಪ್ಯೂಟರ್ ಮಾತ್ರ ಏಳಲಿಲ್ಲ

ಉಡುಪಿಯ ಕಿನ್ನಿಮುಲ್ಕಿಯಲ್ಲಿ ಭಾವನ ಫೋಟೋ ಸ್ಟುಡಿಯೋ ಇದೆ. ಅಲ್ಲಿನ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನು. ಹಾಗಾಗಿ ಏನಾದರೂ ಕೆಟ್ಟರೆ ಫೋನ್ ನನಗೇ ಬರುತ್ತದೆ. ಆಟಿಯ ಜಡಿಮಳೆಯಲ್ಲಿ ಒಂದು ದಿನ ಭಾವ ಫೋನ್ ಮಾಡಿದರು. "ಒಂದು ಫೋಟೋ ತೆರೆಯಲಿಕ್ಕೆ ಐದು ನಿಮಿಷ ಹಿಡೀತದೆ. ಮೇ ತಿಂಗಳ ಮದುವೆ ಆಲ್ಬಮ್ ಇನ್ನೂ ಕೊಡ್ಲಿಕ್ಕುಂಟು ಮಾರಾಯ."

ಹೋಗಿ ಕಿವಿಗೊಟ್ಟರೆ ಡಿಸ್ಕ್ ಒಳಗಿಂದ ಟಕ್ ಟಕ್ ಸದ್ದು. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ಓಡಿಸಿದೆ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳ) ಲೆಕ್ಕ ಸೊನ್ನೆ ಇರಬೇಕು, 24 ಇತ್ತು. ಇನ್ನು ಕಾಯುವ ಹಾಗಿರಲಿಲ್ಲ. ಸಂಜೆಯೊಳಗೆ ಹೊಸ ಎಸ್‌ಎಸ್‌ಡಿ ತಂದೆವು.

ವಾರಕ್ಕೊಮ್ಮೆ ಆರ್‌ಸಿಂಕ್ ಎಂಬ ಫೈಲ್ ನಕಲು ಮಾಡುವ ಪ್ರೋಗ್ರಾಮಿನಲ್ಲಿ ತೆಗೆದ ಬ್ಯಾಕಪ್ ಇತ್ತು. ಅದನ್ನೇ ಹೊಸದಕ್ಕೆ ಸುರಿದರಾಯ್ತು ಅಂದುಕೊಂಡಿದ್ದೆ. ತೆರೆದು ನೋಡಿದಾಗ ಎದೆ ಧಸಕ್ಕೆಂದಿತು. ಬ್ಯಾಕಪ್ ಇದ್ದ ಹೊರಗಿನ ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟಿನದು. ಅದಕ್ಕೆ ಲಿನಕ್ಸಿನ ಫೈಲ್ ಯಾರದು, ಯಾರು ಓದಬಹುದು ಎಂಬುದನ್ನು ಬರೆದಿಡಲು ಜಾಗವೇ ಇಲ್ಲ. ಒಂದು ಫೈಲಿನಿಂದ ಇನ್ನೊಂದಕ್ಕೆ ದಾರಿ ತೋರಿಸುವ ಸಿಂಬಾಲಿಕ್ ಲಿಂಕ್‌ಗಳೂ ನಿಲ್ಲುವುದಿಲ್ಲ. ಫೋಟೋಗಳಿಗೆ ಇದರಿಂದ ತೊಂದರೆ ಇಲ್ಲ. ಆದರೆ ಸಿಸ್ಟಮ್ ಫೈಲ್‌ಗಳಿಗೆ ಆ ಬ್ಯಾಕಪ್ ಪ್ರಯೋಜನಕ್ಕಿಲ್ಲ.

ಹಳೆ ಡಿಸ್ಕ್ ಇನ್ನೂ ಉಸಿರಾಡುತ್ತಿತ್ತು, ಅದೇ ಪುಣ್ಯ. ಮೊದಲು ಯುಪಿಎಸ್ ಸರಿ ಇದೆಯಾ ನೋಡಿದೆ, ಯಾಕೆಂದರೆ ಆ ಮಳೆಗೆ ಕರೆಂಟ್ ನಂಬುವ ಹಾಗಿಲ್ಲ. ಆಮೇಲೆ ಪೆನ್‌ಡ್ರೈವ್‌ನಿಂದಲೇ ಓಡುವ ಲೈವ್ ಮಿಂಟ್ ಎಬ್ಬಿಸಿ, ಹಳೆ ಡಿಸ್ಕನ್ನು ಓದಲಿಕ್ಕೆ ಮಾತ್ರ ಮೌಂಟ್ ಮಾಡಿ (ಅಂದರೆ ಜೋಡಿಸಿಕೊಂಡು), ಎಲ್ಲವನ್ನೂ ಒಂದೇ ಟಾರ್ ಫೈಲಿನೊಳಗೆ ಕಟ್ಟಿದೆ. ಟಾರ್ ಒಳಗೆ ಮಾಲೀಕರು, ಅನುಮತಿ, ಲಿಂಕ್ ಎಲ್ಲ ಉಳಿಯುತ್ತವೆ. ಹಾಗಾಗಿ ಆ ಫೈಲನ್ನು ಎಕ್ಸ್‌ಫ್ಯಾಟ್ ಮೇಲೆ ಇಟ್ಟರೂ ಚಿಂತೆಯಿಲ್ಲ. ಅದಕ್ಕಿಂತ ಹಳೆಯ ಫ್ಯಾಟ್32 ಆಗಿದ್ದರೆ ಫೈಲ್ 4 ಜಿಬಿಗೇ ನಿಂತುಬಿಡುತ್ತಿತ್ತು. ಎರಡು ಫೈಲ್ ಓದಲಾಗಲಿಲ್ಲ ಅಂತ ಟಾರ್ ಹೇಳಿತು. ಎರಡೂ ಥಂಬ್‌ನೇಲ್, ಅಂದರೆ ಫೋಟೋಗಳ ಚಿಕ್ಕ ಮುನ್ನೋಟ. ಸದ್ಯ! ಜಾಸ್ತಿ ಕೆಟ್ಟಿದ್ದರೆ ಮೊದಲು ಕೆಟ್ಟ ಡಿಸ್ಕಿಗೆಂದೇ ಇರುವ ಡಿಡಿರೆಸ್ಕ್ಯೂನಲ್ಲಿ ಇಡೀ ಡಿಸ್ಕಿನ ಪ್ರತಿ ತೆಗೆಯಬೇಕಿತ್ತು.

ಎಸ್‌ಎಸ್‌ಡಿಯಲ್ಲಿ ಕಂಪ್ಯೂಟರ್ ಏಳಲು ಬೇಕಾದ ಇಎಫ್‌ಐಗೆ ಒಂದು ಚಿಕ್ಕ ಪಾರ್ಟಿಷನ್ (ವಿಭಾಗ), ಉಳಿದದ್ದು ಲಿನಕ್ಸಿನದೇ ಫಾರ್ಮ್ಯಾಟ್ ಆದ ಎಕ್ಸ್‌ಟಿ4. ಟಾರ್ ಬಿಚ್ಚಿದೆ, ಸಿಎಚ್‌ರೂಟ್ ಮಾಡಿ (ಲೈವ್ ಮಿಂಟಿನಿಂದಲೇ ಹೊಸ ಡಿಸ್ಕಿನ ಸಿಸ್ಟಮ್ ಒಳಗೆ ಹೊಕ್ಕು) ಲಿನಕ್ಸನ್ನು ಎಬ್ಬಿಸುವ ಗ್ರಬ್ ಹಾಕಿದೆ, ರೀಬೂಟ್ ಕೊಟ್ಟೆ. ಮಿಂಟ್ ಲೋಗೋ ಬಂತು, ನಿಂತಿತು. ಎಸ್ಕೇಪ್ ಒತ್ತಿ ನೋಡಿದರೆ ಒಂದೂವರೆ ನಿಮಿಷದ ಎಣಿಕೆ ನಡೆಯುತ್ತಿದೆ. ಮುಗಿದ ಕೂಡಲೇ ಎಮರ್ಜೆನ್ಸಿ ಮೋಡ್. ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕು ಎಂದು ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲ್ ತೆರೆದೆ. ರೂಟ್ (ಮುಖ್ಯ ಪಾರ್ಟಿಷನ್) ಸಾಲಿನ ಯುಯುಐಡಿ, ಅಂದರೆ ಪಾರ್ಟಿಷನ್ನಿನ ಗುರುತಿನ ನಂಬರ್, ಬದಲಿಸಿದ್ದೆ, ಸರಿ ಇತ್ತು. ಅದರ ಕೆಳಗೆ ಇಎಫ್‌ಐ ಸಾಲು. ಫ್ಯಾಟ್ ಪಾರ್ಟಿಷನ್ ಆದ್ದರಿಂದ ಅದರ ಯುಯುಐಡಿ ಚಿಕ್ಕದು. ಬರೇ ಎಂಟು ಅಕ್ಷರ, ನಡುವೆ ಒಂದು ಅಡ್ಡಗೆರೆ. ಉದ್ದದ ಸಾಲುಗಳ ನಡುವೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಇನ್ನೂ ಹಳೆ ಡಿಸ್ಕನ್ನೇ ಹುಡುಕುತ್ತಿತ್ತು. ಯುಯುಐಡಿ ಹೇಳುವ ಬಿಎಲ್‌ಕೆಐಡಿ ಕಮಾಂಡ್ ತೋರಿಸಿದ್ದನ್ನು ನೋಡಿ ತಿದ್ದಿದೆ.

ಈ ಸಲ ಎಮರ್ಜೆನ್ಸಿ ಇಲ್ಲ, ಆದರೆ ಲಾಗಿನ್ ಪರದೆಯೂ ಇಲ್ಲ. ಕಪ್ಪು ಪರದೆ, ಅಷ್ಟೆ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ, ಬರೇ ಅಕ್ಷರಗಳ ಪರದೆಯಿಂದ ಒಳಗೆ ಹೋಗಿ ನೋಡಿದೆ. ಲಾಗಿನ್ ಪರದೆ ತೋರಿಸುವ ಲೈಟ್‌ಡಿಎಂನ ಫೋಲ್ಡರಿಗೆ ಬೇರೆ ಯಾರೋ ಮಾಲೀಕರು! ಲಿನಕ್ಸಿನಲ್ಲಿ ಪ್ರತಿ ಯೂಸರಿಗೂ ಒಂದು ಹೆಸರು, ಒಂದು ನಂಬರ್. ಟಾರ್ ಬಿಚ್ಚುವಾಗ ಮಾಲೀಕರ ನಂಬರಿಗಿಂತ ಮೊದಲು ಹೆಸರು ನೋಡುತ್ತದೆ. ಲೈವ್ ಮಿಂಟಿನಲ್ಲೂ ಲೈಟ್‌ಡಿಎಂ ಎಂಬ ಯೂಸರ್ ಇದ್ದಾನೆ, ಆದರೆ ಅವನ ನಂಬರ್ ಬೇರೆ. ಆ ನಂಬರೇ ಡಿಸ್ಕಿಗೆ ಬಿತ್ತು. ಇನ್ನೆಷ್ಟು ಫೈಲ್‌ಗಳಿಗೆ ಹೀಗಾಗಿದೆಯೋ ಗೊತ್ತಿಲ್ಲ. ಒಂದೊಂದೇ ಸರಿಮಾಡುತ್ತಾ ಕೂರುವುದು ಬೇಡ ಅನ್ನಿಸಿತು. ಪಾರ್ಟಿಷನ್ ಖಾಲಿ ಮಾಡಿ, ಹೆಸರು ಬಿಟ್ಟು ನಂಬರ್ ಮಾತ್ರ ನೋಡುವ ನ್ಯೂಮೆರಿಕ್-ಓನರ್ ಎಂಬ ಆಯ್ಕೆ ಸೇರಿಸಿ ಮತ್ತೆ ಬಿಚ್ಚಿದೆ. ಎಫ್‌ಎಸ್‌ಟ್ಯಾಬ್, ಗ್ರಬ್ ಇನ್ನೊಮ್ಮೆ.

ರಾತ್ರಿ ಹತ್ತಕ್ಕೆ ಲಾಗಿನ್ ಪರದೆ ಬಂತು. ಭಾವ ಪಾಸ್‌ವರ್ಡ್ ಹಾಕಿ ಆ ಮದುವೆಯ ಫೋಲ್ಡರ್ ತೆರೆದರು. ಧಾರೆಯ ಫೋಟೋ ಥಟ್ಟನೆ ಬಂತು. "ಅಬ್ಬ" ಅಂದರು.

ಮರುದಿನವೇ ಬ್ಯಾಕಪ್ ಡಿಸ್ಕನ್ನು ಎಕ್ಸ್‌ಟಿ4 ಮಾಡಿದೆ. ಹಳೆ ಡಿಸ್ಕಿನ ಮೇಲೆ ತಾರೀಕು ಬರೆದು ಕಪಾಟಿನಲ್ಲಿಟ್ಟಿದ್ದೇವೆ. ಆಲ್ಬಮ್‌ಗಳೆಲ್ಲ ಪ್ರಿಂಟ್ ಆಗಿ ಹೋಗುವವರೆಗೆ ಅದನ್ನು ಯಾರೂ ಮುಟ್ಟಬಾರದು ಅಂತ ಹೇಳಿ ಬಂದಿದ್ದೇನೆ.