ಸಣ್ಣ ಬಂಡವಾಳದ ವ್ಯಾಪಾರ ಬೆಳೆಸುವುದು ಹೇಗೆ: ದುಡ್ಡು ಹೋಗುವ ದಿನ, ದುಡ್ಡು ಬರುವ ದಿನ

ಬರಿಗೈಯಲ್ಲಿ ಶುರು ಮಾಡಿ ದೊಡ್ಡವರಾದವರ ಕಥೆ ಕೇಳಲು ಚೆನ್ನಾಗಿರುತ್ತದೆ. ಕನಸು, ಛಲ, ನಿದ್ದೆಗೆಟ್ಟ ರಾತ್ರಿ ಎಲ್ಲವೂ ಅದರಲ್ಲಿ ಬರುತ್ತವೆ. ಬರದೇ ಇರುವುದು ಒಂದೇ: ಆ ನಡುವಿನ ತಿಂಗಳುಗಳಲ್ಲಿ ಬಾಡಿಗೆ ಕಟ್ಟಿದ್ದು ಹೇಗೆ ಅನ್ನೋದು. ಈ ಬರಹ ಆ ಬಾಡಿಗೆಯ ಬಗ್ಗೆ.

ನಾನು ಬಟ್ಟೆ ಬ್ಯಾಗ್ ಹೊಲಿಸಿ ಮಾರುತ್ತೇನೆ. ಶುರುವಾಗಿದ್ದು ಒಂದೇ ಒಂದು ಹಳೇ ಮಷೀನಿನಿಂದ. ಈಗ ನಮ್ಮಲ್ಲಿ ಹದಿನಾಲ್ಕು ಮಷೀನ್ ಓಡುತ್ತವೆ. ದೊಡ್ಡ ಸಾಮ್ರಾಜ್ಯವೇನಲ್ಲ, ಆದರೆ ಮುಳುಗಿ ಎದ್ದು ಬಂದವನಾದ್ದರಿಂದ ಎಲ್ಲಿ ಕಾಲು ಜಾರುತ್ತದೆ ಅಂತ ಹೇಳಬಲ್ಲೆ.

ಮೊದಲು ಬೇರೆಯವರ ಮಾಲು ಮಾರಿ

ಐಡಿಯಾ ಹೊಳೆದ ಮಾರನೇ ದಿನವೇ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಅಮೆರಿಕದ ಮೇಡಂ ಸಿ.ಜೆ. ವಾಕರ್ ಹುಟ್ಟಿದ್ದು 1867ರಲ್ಲಿ, ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆ ತಾಯಿಗೆ. ಬಟ್ಟೆ ಒಗೆದು ವರ್ಷಗಟ್ಟಲೆ ಬದುಕಿದವರು. ಕೂದಲಿನ ಆರೈಕೆಯ ಸಾಮಾನಿನ ಸ್ವಂತ ವ್ಯಾಪಾರ ಶುರು ಮಾಡುವ ಮೊದಲು ಅವರು ಇನ್ನೊಬ್ಬ ಮಹಿಳಾ ಉದ್ಯಮಿಯ ಕಂಪನಿಗೆ ಕಮಿಷನ್ ಮೇಲೆ ಅದೇ ರೀತಿಯ ಸಾಮಾನು ಮಾರುತ್ತಿದ್ದರು. ಗಿರಾಕಿ ಏನು ಕೇಳುತ್ತಾಳೆ, ಯಾವ ಮಾತಿಗೆ ಪರ್ಸ್ ತೆಗೆಯುತ್ತಾಳೆ, ಮತ್ತೆ ಯಾವಾಗ ಬಂದು ಕೊಳ್ಳುತ್ತಾಳೆ, ಇವೆಲ್ಲ ಸ್ವಂತ ಬಂಡವಾಳ ಹಾಕದೇ ಗೊತ್ತಾಗುವ ದಾರಿ ಅದು. ಹೆಂಗಸರ ಒಳ ಉಡುಪು ಮಾಡುವ ಅಮೆರಿಕದ ಸ್ಪ್ಯಾಂಕ್ಸ್ ಕಂಪನಿ ಕಟ್ಟಿದ ಸಾರಾ ಬ್ಲೇಕ್ಲಿ ಕೂಡ ಫ್ಯಾಕ್ಸ್ ಮಷೀನ್ ಮಾರುವ ಕೆಲಸ ಬಿಡದೆ, 5,000 ಡಾಲರ್ ಉಳಿತಾಯದಲ್ಲೇ ತನ್ನ ಮಾಲನ್ನು ತಯಾರು ಮಾಡಿಕೊಂಡರು.

ನನ್ನ ಸಲಹೆ ಸರಳ. ಹತ್ತು ಪೀಸ್ ಮಾಡಿ ಮಾರಿ. ಮನೆಯವರಿಗೆ, ಗೆಳೆಯರಿಗೆ ಮಾರಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವರು ಕೊಳ್ಳುವುದು ಬ್ಯಾಗನ್ನಲ್ಲ, ನಿಮ್ಮ ಮೇಲಿನ ಪ್ರೀತಿಗೆ ದುಡ್ಡು ಕೊಡುತ್ತಾರೆ ಅಷ್ಟೇ. ಗುರುತಿಲ್ಲದ ಒಬ್ಬರು ಕೊಂಡು, ತಿಂಗಳಾದ ಮೇಲೆ ತಾವಾಗಿಯೇ ಇನ್ನೊಂದು ಬೇಕು ಅಂತ ಬಂದರೆ ಆಗ ಮುಂದಿನ ಹೆಜ್ಜೆ ಇಡಿ.

ಬೆಲೆಯಲ್ಲಿ ನಿಮ್ಮ ಕೂಲಿಯೂ ಇರಲಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಶುರುವಿನಲ್ಲಿ ನಾನು ಬಟ್ಟೆ, ದಾರ, ಜಿಪ್ ಖರ್ಚನ್ನು ಕೂಡಿಸಿ ಮೇಲೆ ಸ್ವಲ್ಪ ಇಟ್ಟು ಬೆಲೆ ಹೇಳುತ್ತಿದ್ದೆ. ರಾತ್ರಿ ಹನ್ನೊಂದರವರೆಗೆ ಕೂತು ಹೊಲಿಯುತ್ತಿದ್ದವನು ನಾನೇ ಆದ್ದರಿಂದ ಕೂಲಿ ಸೊನ್ನೆ! ಮೊದಲ ಕೆಲಸಗಾರನನ್ನು ಇಟ್ಟುಕೊಂಡ ದಿನವೇ ಗೊತ್ತಾಯಿತು, ಅವನಿಗೆ ಕೂಲಿ ಕೊಟ್ಟರೆ ನನಗೆ ಏನೂ ಉಳಿಯುವುದಿಲ್ಲ. ಆಮೇಲೆ ಬೆಲೆ ಏರಿಸಲು ಹೋದರೆ ಹಳೇ ಗಿರಾಕಿಗಳಿಗೆ ಸಿಟ್ಟು. ಮೊದಲ ದಿನದಿಂದಲೇ ನಿಮ್ಮ ಜಾಗದಲ್ಲಿ ಬೇರೆಯವರು ಕೂತಿದ್ದಾರೆ ಅಂದುಕೊಂಡೇ ಲೆಕ್ಕ ಹಾಕಿ. ಆ ಬೆಲೆಗೆ ಯಾರೂ ಕೊಳ್ಳದಿದ್ದರೆ ಆ ಮಾಲನ್ನೇ ಕೈಬಿಡುವುದು ಒಳ್ಳೆಯದು.

ಲಾಭ ಇದ್ದರೂ ಮುಳುಗುವುದು

ಈಗ ಅಸಲು ವಿಷಯಕ್ಕೆ ಬರೋಣ. ಎರಡನೇ ವರ್ಷ ನನಗೆ ಒಂದು ದೊಡ್ಡ ಕಂಪನಿಯಿಂದ 600 ಬ್ಯಾಗಿನ ಆರ್ಡರ್ ಬಂತು. ಸಿಹಿ ಹಂಚಿದ್ದೇ ಹಂಚಿದ್ದು. ಲೆಕ್ಕ ಸುಲಭವಾಗಲಿ ಅಂತ ಒಂದು ಬ್ಯಾಗಿನ ಬೆಲೆ 100 ಅಂತ ಇಟ್ಟುಕೊಳ್ಳಿ, ಯಾವ ದೇಶದ ದುಡ್ಡಾದರೂ ಸರಿ. ಅದರಲ್ಲಿ ಬಟ್ಟೆ, ಜಿಪ್, ದಾರಕ್ಕೆ 55. ಕೂಲಿ 20. ಬಾಡಿಗೆ, ಕರೆಂಟು, ಸಾಗಣೆ ಸೇರಿ 10. ನನಗೆ ಉಳಿಯುವುದು 15. 600 ಬ್ಯಾಗಿಗೆ 9,000 ಲಾಭ. ಕೈಯಲ್ಲಿ ಇದ್ದದ್ದು 40,000.

ಮೊದಲ ದಿನವೇ ಬಟ್ಟೆ ಅಂಗಡಿಗೆ 33,000 ಎಣಿಸಿ ಕೊಟ್ಟೆ. ಪ್ರತಿ ಶನಿವಾರ ಕೂಲಿ 4,000. ಎರಡನೇ ಶನಿವಾರ ಸಂಜೆ ಪೆಟ್ಟಿಗೆ ತೆಗೆದು ನೋಡಿದರೆ 3,000 ಮಾತ್ರ ಇದೆ. ನಾಲ್ಕು ಜನ ಕೈ ಒರೆಸಿಕೊಂಡು ಬಾಗಿಲ ಹತ್ತಿರ ನಿಂತಿದ್ದಾರೆ. ಅವತ್ತು ಪಕ್ಕದವರ ಹತ್ತಿರ ಕೈಗಡ ತಂದು ಬಟವಾಡೆ ಮಾಡಿದೆ. ಮೂರು ವಾರಕ್ಕೆ ಮಾಲು ಕೊಟ್ಟಾಯಿತು. ದುಡ್ಡು? ಬಿಲ್ ಕೊಟ್ಟ 60 ದಿನಕ್ಕೆ ಅಂತ ಹೇಳಿದ್ದರು. ಆದರೆ ಬಿಲ್ಲನ್ನು ಅವರು ಪುಸ್ತಕಕ್ಕೆ ಹತ್ತಿಸಿದ್ದೇ ಹತ್ತು ದಿನದ ಮೇಲೆ, ಆಮೇಲೆ ಸಹಿ ಹಾಕುವವರು ರಜೆ. ಕೊನೆಗೆ ದುಡ್ಡು ಬಂದಿದ್ದು ನಾನು ಬಟ್ಟೆ ಕೊಂಡ 97ನೇ ದಿನಕ್ಕೆ. ಅಷ್ಟರಲ್ಲಿ ಮೂರು ಸಾಲ, ಎರಡು ಜಗಳ, ಮತ್ತೆ ದುಡ್ಡಿಲ್ಲದ್ದಕ್ಕೆ ಕೈಬಿಟ್ಟ ನಾಲ್ಕು ಸಣ್ಣ ಆರ್ಡರ್. ಪುಸ್ತಕದಲ್ಲಿ ಮಾತ್ರ ಆ ಮೂರು ತಿಂಗಳೂ ನಾನು ಲಾಭದಲ್ಲೇ ಇದ್ದೆ!

ಅದಾದ ಮೇಲೆ ಕೂತು ಇನ್ನೊಂದು ಲೆಕ್ಕ ಹಾಕಿದೆ, ಅದೇ ನನ್ನ ಕಣ್ಣು ತೆರೆಸಿದ್ದು. ಅದೇ 40,000ದಲ್ಲಿ 6,000 ಪಕ್ಕಕ್ಕಿಟ್ಟು 34,000 ಹಾಕಿದರೆ 400 ಬ್ಯಾಗ್ ಮಾಡಬಹುದು, ಲಾಭ 6,000. ಬಟ್ಟೆ ಕೊಂಡ 28 ದಿನಕ್ಕೆ ದುಡ್ಡು ವಾಪಸ್ ಬಂದರೆ ವರ್ಷಕ್ಕೆ ಹದಿಮೂರು ಸುತ್ತು, ಅಂದರೆ 78,000. ಅದೇ 97 ದಿನ ಹಿಡಿದರೆ ಮೂರು ಸುತ್ತು ಮುಗಿದು ನಾಲ್ಕನೆಯದು ಅರ್ಧದಲ್ಲಿರುತ್ತದೆ, ಕೈಗೆ ಬಂದದ್ದು 18,000. ಬ್ಯಾಗ್ ಅದೇ, ಬೆಲೆ ಅದೇ, ಬೆವರೂ ಅದೇ. ಬಂಡವಾಳ ಕಡಿಮೆ ಇರುವವರು ಬೆಳೆಯುವುದು ದುಡ್ಡನ್ನು ಬೇಗ ಬೇಗ ತಿರುಗಿಸಿಯೇ.

ಹಾಗಾದರೆ ಏನು ಮಾಡಬೇಕು? ಅಡ್ವಾನ್ಸ್ ಕೇಳಿ. ಕೇಳಲು ನಾಚಿಕೆ ಆಗುತ್ತದೆ, ನನಗೂ ಆಗುತ್ತಿತ್ತು, ಗಿರಾಕಿ ಓಡಿಹೋದರೆ ಅನ್ನುವ ಭಯ ಬೇರೆ. ಆದರೆ ಅರ್ಧ ಅಡ್ವಾನ್ಸ್ ಬಂದಿದ್ದರೆ ಆ 600 ಬ್ಯಾಗಿಗೆ ನನ್ನ ಕೈಯಿಂದ ಹೋಗುತ್ತಿದ್ದದ್ದು 21,000 ಮಾತ್ರ, ಇನ್ನೂ 19,000 ಪೆಟ್ಟಿಗೆಯಲ್ಲೇ ಇರುತ್ತಿತ್ತು. ಅರ್ಧ ಕೊಡದಿದ್ದರೆ ಬಟ್ಟೆಯ ದುಡ್ಡನ್ನಾದರೂ ಕೊಡಿ ಅನ್ನಿ. ಅದಕ್ಕೂ ಒಪ್ಪದಿದ್ದರೆ ಮಾಲನ್ನು ಮೂರು ಕಂತಿನಲ್ಲಿ ಕೊಡುತ್ತೇನೆ, ಒಂದು ಕಂತಿನ ದುಡ್ಡು ಬಂದ ಮೇಲೆ ಮುಂದಿನದು ಅನ್ನಿ. ಈ ಕಡೆ ಬಟ್ಟೆ ಅಂಗಡಿಯವರ ಹತ್ತಿರ 15 ದಿನದ ಉದ್ದರಿ ಕೇಳಿ, ಆದರೆ ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಕೊಟ್ಟುಬಿಡಿ. ನಾಲ್ಕು ಸಲ ಹಾಗೆ ಮಾಡಿದರೆ ಐದನೇ ಸಲ ಅವರೇ 30 ದಿನ ಕೊಡುತ್ತಾರೆ. ಮತ್ತೆ ಒಬ್ಬನೇ ಗಿರಾಕಿಯ ಮೇಲೆ ಅರ್ಧಕ್ಕಿಂತ ಜಾಸ್ತಿ ವ್ಯಾಪಾರ ನಿಲ್ಲಿಸಬೇಡಿ, ಅವನು ಕೆಮ್ಮಿದರೆ ನಿಮಗೆ ಜ್ವರ ಬರುತ್ತದೆ.

ಅಡ್ವಾನ್ಸ್ ಕೇಳುವುದು ಸಣ್ಣವರ ಲಕ್ಷಣ ಅಂತ ಯಾರಾದರೂ ಅಂದರೆ ಹೋಂಡಾ ಕಥೆ ಹೇಳಿ. ಸೊಯ್ಚಿರೊ ಹೋಂಡಾ ಕಮ್ಮಾರನ ಮಗ. 1946ರಲ್ಲಿ, ಯುದ್ಧ ಮುಗಿದ ಜಪಾನಿನಲ್ಲಿ, ಸೇನೆಯ ರೇಡಿಯೊಗಳಿಗೆ ಕರೆಂಟ್ ಕೊಡಲು ಮಾಡಿದ್ದ ಸಣ್ಣ ಎಂಜಿನ್‌ಗಳು ಬೇಡವಾಗಿ ಬಿದ್ದಿದ್ದವು, ಅವನ್ನು ತಂದು ಸೈಕಲ್ಲಿಗೆ ಕೂರಿಸಿ ಮಾರಿದರು. ಎಂಜಿನ್ ವಿಷಯದಲ್ಲಿ ಅವರು ಗಟ್ಟಿ, ದುಡ್ಡಿನ ವಿಷಯದಲ್ಲಿ ಅಲ್ಲ. 1949ರಲ್ಲಿ ಟಕೆಯೊ ಫುಜಿಸಾವಾ ಅನ್ನುವವರು ಜೊತೆಯಾದರು. ಮಾರಾಟ, ದುಡ್ಡು ಎರಡೂ ಅವರ ಕೈಗೆ ಹೋಯಿತು. 1952ರಲ್ಲಿ ಸೈಕಲ್ಲಿಗೆ ಕೂರಿಸುವ ಹೊಸ ಎಂಜಿನ್ ಬಂದಾಗ ಫುಜಿಸಾವಾ ದೇಶದ ಸುಮಾರು 50,000 ಸೈಕಲ್ ಅಂಗಡಿಗಳಿಗೆ ಕಾಗದ ಬರೆದರು. ಆಸಕ್ತಿ ತೋರಿಸಿದವರಿಗೆ ಹೇಳಿದ್ದು, ಮೊದಲು ದುಡ್ಡು ಕಳಿಸಿ, ಆಮೇಲೆ ಎಂಜಿನ್ ಕಳಿಸುತ್ತೇವೆ ಅಂತ. ಸಾವಿರಾರು ಅಂಗಡಿಗಳು ಕಳಿಸಿದವು. ಎಂಜಿನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆ ಕಾಗದದ ಬಗ್ಗೆ ಯಾರೂ ಮಾತಾಡುವುದಿಲ್ಲ ನೋಡಿ.

ಅಂದ ಹಾಗೆ, ಪಾಲುದಾರ ಬೇಕು ಅನ್ನಿಸಿದರೆ ನಿಮ್ಮಂಥವರನ್ನೇ ಹುಡುಕಬೇಡಿ. ಇಬ್ಬರೂ ಹೊಲಿಯುವವರಾದರೆ ದುಡ್ಡು ಎಣಿಸುವವರು ಯಾರು?

ಎಂಟು ವಾರದ ಹಾಳೆ

ಸಾಫ್ಟ್‌ವೇರ್ ಬೇಡ. ಒಂದು ಉದ್ದ ಪುಸ್ತಕ ತಗೊಳ್ಳಿ. ಎಡಗಡೆ ಮುಂದಿನ ಎಂಟು ವಾರಗಳ ತಾರೀಖು ಬರೆಯಿರಿ. ಪ್ರತಿ ವಾರದ ಮುಂದೆ ಮೂರು ಕಾಲಂ: ಬರುವುದು, ಹೋಗುವುದು, ಉಳಿಯುವುದು. ಬರುವುದರಲ್ಲಿ ಗಿರಾಕಿ ಹೇಳಿದ ತಾರೀಖು ಬರೆಯಬೇಡಿ, ಹೋದ ಸಲ ಅವನು ನಿಜವಾಗಿ ಎಷ್ಟು ತಡ ಮಾಡಿದ್ದ ನೋಡಿ ಅಷ್ಟು ದಿನ ಸೇರಿಸಿ ಬರೆಯಿರಿ. ನಮ್ಮಲ್ಲಿ ಇದನ್ನು ಪೆನ್ಸಿಲ್ಲಿನಲ್ಲೇ ಬರೆಯುವುದು, ವಾರ ವಾರವೂ ಅಳಿಸಿ ತಿದ್ದುತ್ತೇವೆ. ಕೊನೆಯ ಕಾಲಂ ಯಾವ ವಾರ ಸೊನ್ನೆಗಿಂತ ಕೆಳಗೆ ಹೋಗುತ್ತದೋ ಅದಕ್ಕೆ ಕೆಂಪು ಸುತ್ತು. ಐದು ವಾರ ಮುಂಚೆಯೇ ಕೆಂಪು ಸುತ್ತು ಕಂಡರೆ ಒಂದು ಆರ್ಡರ್ ಮುಂದೂಡಬಹುದು, ಬಟ್ಟೆಯವರ ಹತ್ತಿರ ಮಾತಾಡಬಹುದು, ಕಡಿಮೆ ಬಡ್ಡಿಗೆ ಸಾಲ ಹುಡುಕಬಹುದು. ಶನಿವಾರ ಸಂಜೆ ಗೊತ್ತಾದರೆ ಕೈಗಡವೇ ಗತಿ.

ಬ್ಯಾಂಕಿಗೂ ಈ ಪುಸ್ತಕವನ್ನೇ ತಗೊಂಡು ಹೋಗಿ. ಸಾಲ ಬೇಕಾದಾಗ ಅಲ್ಲ, ಬೇಡದೇ ಇರುವಾಗ ಹೋಗಿ ಪರಿಚಯ ಮಾಡಿಕೊಳ್ಳಿ.

ಜಾಗದ ಕರಾರು

ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗ ಯಾರೂ ಕರಾರು ಪತ್ರ ತೆಗೆದು ಓದುವುದಿಲ್ಲ, ಅಲ್ವಾ? ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್ ಕೂಡ ಓದಿರಲಿಲ್ಲ. 1945ರಲ್ಲಿ ಅಮೆರಿಕದ ಆರ್ಕನ್ಸಾದ ನ್ಯೂಪೋರ್ಟ್ ಅನ್ನುವ ಊರಿನಲ್ಲಿ, ಹೆಚ್ಚಿನ ಪಾಲು ಮಾವನಿಂದ ಸಾಲ ಪಡೆದು, ಒಂದು ಅಂಗಡಿ ಹಾಕಿದರು. ಐದು ವರ್ಷದಲ್ಲಿ ಅದನ್ನು ಚೆನ್ನಾಗಿ ಬೆಳೆಸಿದರು. ಆದರೆ ಬಾಡಿಗೆ ಕರಾರಿನಲ್ಲಿ ಅವಧಿ ಮುಂದುವರಿಸುವ ಹಕ್ಕಿನ ಸಾಲೇ ಇರಲಿಲ್ಲ. ಅವಧಿ ಮುಗಿದಾಗ ಕಟ್ಟಡದ ಮಾಲೀಕ ತನ್ನ ಮಗನಿಗೆ ಅಂಗಡಿ ಬೇಕು ಅಂತ ಬಿಡಿಸಿಕೊಂಡ. ವಾಲ್ಟನ್ ಬೇರೆ ಊರಿಗೆ ಹೋಗಿ ಮತ್ತೆ ಶುರು ಮಾಡಬೇಕಾಯಿತು, ಮೊದಲ ವಾಲ್‌ಮಾರ್ಟ್ ಬಾಗಿಲು ತೆರೆದದ್ದು 1962ರಲ್ಲಿ. ಆದ್ದರಿಂದ ಸಹಿ ಹಾಕುವ ಮೊದಲು ಎರಡು ಸಾಲು ಇದೆಯಾ ನೋಡಿ: ಅವಧಿ ಮುಗಿದ ಮೇಲೆ ಮುಂದುವರಿಸುವ ಹಕ್ಕು ನಿಮಗಿದೆಯಾ, ಬಾಡಿಗೆ ಎಷ್ಟರವರೆಗೆ ಏರಿಸಬಹುದು. ಬಾಯಿಮಾತಿನಲ್ಲಿ ಎಲ್ಲ ಮಾಲೀಕರೂ ಒಳ್ಳೆಯವರೇ.

ಬಾಕಿ ಕೇಳುವ ವಿಧಾನ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಕೊನೆಗೆ ಇಟ್ಟೆ. ದುಡ್ಡು ಬರಬೇಕಾದ ದಿನ ಕಳೆದ ಮೇಲೆ ಕೇಳುವುದಕ್ಕಿಂತ ವಾರ ಮೊದಲೇ ಫೋನ್ ಮಾಡಿ. ಆರ್ಡರ್ ಕೊಟ್ಟ ಸಾಹೇಬರಿಗಲ್ಲ, ಲೆಕ್ಕದ ವಿಭಾಗದಲ್ಲಿ ಕೂರುವವರಿಗೆ. ದುಡ್ಡು ಯಾವಾಗ ಕೊಡ್ತೀರಿ ಅಂತ ಶುರು ಮಾಡಬೇಡಿ. "ನಮ್ಮ ಬಿಲ್ಲು ನಿಮ್ಮ ಪುಸ್ತಕಕ್ಕೆ ಹತ್ತಿದೆಯಾ, ಏನಾದರೂ ಕಾಗದ ಕಡಿಮೆ ಇದೆಯಾ ಸಾರ್?" ಅಂತ ಕೇಳಿ. ಹತ್ತರಲ್ಲಿ ಆರು ಸಲ ಏನೋ ಒಂದು ಕಡಿಮೆ ಇರುತ್ತದೆ: ಆರ್ಡರ್ ನಂಬರ್ ಇಲ್ಲ, ಮಾಲು ತಲುಪಿದ ಚೀಟಿಗೆ ಸಹಿ ಇಲ್ಲ, ಬ್ಯಾಂಕ್ ಖಾತೆಯ ವಿವರದಲ್ಲಿ ಒಂದು ಅಂಕಿ ತಪ್ಪು. ಅವತ್ತೇ ಸರಿಮಾಡಿ ಕಳಿಸಿ. ಮಾತಾಡಿದವರ ಹೆಸರು, ಅವರು ಹೇಳಿದ ತಾರೀಖು, ಎರಡನ್ನೂ ಆ ಎಂಟು ವಾರದ ಹಾಳೆಯ ಅಂಚಿನಲ್ಲೇ ಗೀಚಿಡಿ, ಮುಂದಿನ ಸಲ ಫೋನ್ ಎತ್ತಿದಾಗ ಹೆಸರು ಹಿಡಿದೇ ಮಾತಾಡಬಹುದು.