ಒಂದು ದಿನದ ಮಟ್ಟಿಗೆ ಮನೆಯ ಹೊಣೆ ಮಗಳಿಗೆ: ಪಾತ್ರ ಬದಲಿಸಿಕೊಳ್ಳುವ ಕ್ರಮ

ತಾಯಿಯ ಕೆಲಸವನ್ನು ಮಗಳೂ ಮಗಳ ದಿನಚರಿಯನ್ನು ತಾಯಿಯೂ ಒಂದು ದಿನ ವಹಿಸಿಕೊಳ್ಳುವುದೆಂದರೆ ಬೆಳಿಗ್ಗೆ ಮಗಳ ಕೈಗೆ ಸೌಟು ಕೊಟ್ಟು ದೂರ ನಿಲ್ಲುವುದು ಎಂದು ಮೊದಲ ಸಲ ನಾನು ಭಾವಿಸಿದ್ದೆ. ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಹಾಗೆ ಮಾಡಿದ ಭಾನುವಾರ, ಹನ್ನೊಂದು ವರ್ಷದ ಮಗಳು ಹೇಳಿದ ಕೆಲಸವನ್ನೆಲ್ಲ ಮಾಡಿದಳು. ಆದರೆ ಒಂದೊಂದನ್ನೂ ನೆನಪಿಸಿ ಹೇಳಿದವಳು ನಾನೇ. ಸಂಜೆಯ ಹೊತ್ತಿಗೆ ಅವಳ ಕೈ ದಣಿದಿತ್ತು, ಭಾರ ಮಾತ್ರ ನನ್ನ ತಲೆಯ ಮೇಲೆಯೇ ಉಳಿದಿತ್ತು. ಯಾವ ಕೆಲಸ ಯಾವ ಹೊತ್ತಿಗೆ ಆಗಬೇಕೆಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದೇ ಮನೆ ನಡೆಸುವುದರ ಕಠಿಣ ಭಾಗ. ಆ ನೆನಪಿನ ಹೊಣೆ ಕೈ ಬದಲಾಯಿಸುವಂತೆ ದಿನವನ್ನು ಹೇಗೆ ಹೊಂದಿಸಬಹುದೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ವಿನಿಮಯವನ್ನು ಶನಿವಾರ ಸಂಜೆ ಏಳಕ್ಕೆ ಆರಂಭಿಸಿ ಭಾನುವಾರ ಸಂಜೆ ಏಳಕ್ಕೆ ಮುಗಿಸಿರಿ. ಅಡುಗೆಮನೆಯ ದಿನ ಹಿಂದಿನ ಸಂಜೆಯೇ ಶುರುವಾಗುತ್ತದೆ. ಬೆಳಿಗ್ಗೆ ದೋಸೆ ಬೇಕಾದರೆ ಮಧ್ಯಾಹ್ನ ನೆನೆಸಿದ ಅಕ್ಕಿ, ಉದ್ದಿನಬೇಳೆಯನ್ನು ಶನಿವಾರ ಸಂಜೆ ರುಬ್ಬಿ ಹುದುಗಲು ಇಡಬೇಕು. ಮಧ್ಯಾಹ್ನದ ಊಟಕ್ಕೆ ಮೊಸರು ಬೇಕಾದರೆ ರಾತ್ರಿ ಮಲಗುವ ಮೊದಲು ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಬೇಕು. ಹಾಲಿನ ಪ್ಯಾಕೆಟ್ಟಿಗಾಗಿ ಬಾಗಿಲಿನ ಹಿಡಿಗೆ ಚೀಲ ತೂಗುಹಾಕಬೇಕು. ಬೆಳಿಗ್ಗೆ ಪಾತ್ರ ಬದಲಾದರೆ ಇವೆಲ್ಲವನ್ನೂ ತಾಯಿ ಮೊದಲೇ ಮುಗಿಸಿರುತ್ತಾಳೆ, ಮಗುವಿಗೆ ಹಿಟ್ಟು ತಾನಾಗಿಯೇ ಉಬ್ಬಿ ನಿಂತಂತೆ ಕಾಣುತ್ತದೆ.

ಪರೀಕ್ಷೆಯ ವಾರವನ್ನೂ ಹಬ್ಬದ ದಿನಗಳನ್ನೂ ಬಿಡಿರಿ. ಮನೆಗೆಲಸದಾಕೆ ರಜೆಯಲ್ಲಿರುವ ದಿನವನ್ನು ಮೊದಲ ಸಲಕ್ಕೆ ಆರಿಸಬೇಡಿರಿ. ಅವರು ಬರುವ ದಿನವಾದರೆ, ಮಗು ಎಂದಿನಂತೆ ಅವರನ್ನು ‘ಮಾವಶಿ’ (ಮರಾಠಿಯಲ್ಲಿ ಚಿಕ್ಕಮ್ಮ) ಎಂದೇ ಕರೆಯಬೇಕು, ಅವರಿಗೆ ಆಜ್ಞೆ ಮಾಡಕೂಡದು ಎಂಬುದನ್ನು ಮುಂಚಿತವಾಗಿಯೇ ಸ್ಪಷ್ಟಪಡಿಸಿರಿ. ವಿನಿಮಯ ನಡೆಯುವುದು ತಾಯಿ ಮಕ್ಕಳ ನಡುವೆ. ದುಡಿದು ಬದುಕುವ ಇನ್ನೊಬ್ಬ ಹೆಂಗಸು ಅದರೊಳಗೆ ಆಟದ ಸಾಮಾನು ಆಗಬಾರದು.

ಬೆಂಕಿಯ ವಿಷಯದಲ್ಲಿ ನನ್ನ ನಿಲುವು ಬಿಗಿಯಾದದ್ದು. ಹತ್ತು ವರ್ಷಕ್ಕಿಂತ ಚಿಕ್ಕ ಮಗುವಾದರೆ ಒಲೆಯನ್ನೇ ಹಚ್ಚದ ಊಟ ಸಾಕು: ತೆಂಗಿನತುರಿ ಬೆಲ್ಲ ಕಲಸಿದ ಅವಲಕ್ಕಿ, ಮೊಸರವಲಕ್ಕಿ, ಹೆಸರುಬೇಳೆಯ ಕೋಸಂಬರಿ. ಅದಕ್ಕಿಂತ ದೊಡ್ಡ ಮಕ್ಕಳಾದರೆ ಅನ್ನ ಸಾರು ಮಾಡಬಹುದು, ಆದರೆ ದೊಡ್ಡವರೊಬ್ಬರು ಅಡುಗೆಮನೆಯಲ್ಲಿಯೇ ನಿಂತಿರಬೇಕು. ಕುಕ್ಕರಿನಲ್ಲಿ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಎಂಬ ಲೆಕ್ಕ, ಒಳಗಿನ ಒತ್ತಡ ತಾನಾಗಿ ಇಳಿಯುವವರೆಗೆ ಮುಚ್ಚಳ ಮುಟ್ಟಬಾರದೆಂಬ ನಿಯಮ, ಕೆಲಸ ಮುಗಿದ ಮೇಲೆ ರೆಗ್ಯುಲೇಟರ್ ಆಫ್ ಮಾಡುವ ರೂಢಿ, ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ತೆರೆದು ದೊಡ್ಡವರನ್ನು ಕೂಗುವುದು, ಇಷ್ಟನ್ನು ಹಿಂದಿನ ವಾರವೇ ಕೈಯಿಂದ ಮಾಡಿಸಿ ಕಲಿಸಿರಿ. ಪಾತ್ರ ಯಾರದೇ ಆಗಿರಲಿ, ಒಲೆಯ ಹತ್ತಿರ ತಾಯಿ ತಾಯಿಯೇ ಎಂಬ ಒಂದು ಷರತ್ತನ್ನು ಮಾತ್ರ ನಾವು ಎಂದಿಗೂ ಸಡಿಲಿಸಿಲ್ಲ.

ಖರ್ಚಿಗೆ ನಗದನ್ನೇ ಕೊಡಿರಿ. ಮೊಬೈಲಿನ ಯುಪಿಐ ಪಿನ್ ಮಗುವಿಗೆ ಹೇಳುವುದು ಬೇಡ, ಅಲ್ಲದೆ ಕೈಯಲ್ಲಿರುವ ನೋಟು ಕರಗುವುದನ್ನು ಕಣ್ಣಾರೆ ನೋಡಿದಾಗಲೇ ಲೆಕ್ಕ ಮನಸ್ಸಿಗೆ ಹತ್ತುತ್ತದೆ. ಭಾಜಿವಾಲನ, ಅಂದರೆ ತರಕಾರಿ ಮಾರುವವನ ಹತ್ತಿರ ಪಾವ್ ಕಿಲೋ ಎಂದರೆ 250 ಗ್ರಾಂ ಎಂದೂ, ಸೊಪ್ಪನ್ನು ಜುಡಿಯ (ಕಟ್ಟಿನ) ಲೆಕ್ಕದಲ್ಲಿ ಕೊಳ್ಳುತ್ತಾರೆಂದೂ ಹೇಳಿಕೊಡಿರಿ. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವಿರುವುದರಿಂದ ಬಟ್ಟೆಯ ಚೀಲ ಒಯ್ಯಬೇಕು, ಆದರೆ ಅದನ್ನು ಹೊರಡುವ ಗಳಿಗೆಯಲ್ಲಿ ನೆನಪಿಸಬೇಡಿರಿ. ನನ್ನ ಮಗಳು ಬರಿಗೈಯಲ್ಲಿ ಇಳಿದು ಹೋಗಿ, ಮೆಂತ್ಯದ ಜುಡಿಯನ್ನು ಎದೆಗೆ ಅಪ್ಪಿಕೊಂಡು, ಟೊಮೇಟೊಗಳನ್ನು ಫ್ರಾಕಿನ ಮಡಿಲಿನಲ್ಲಿ ಕಟ್ಟಿಕೊಂಡು ನಾಲ್ಕು ಮಹಡಿ ಹತ್ತಿ ಬಂದಳು.

ಸುಮ್ಮನಿರುವುದು ಈ ಇಡೀ ಕ್ರಮದಲ್ಲಿ ಅತ್ಯಂತ ಕಷ್ಟದ ಭಾಗ. ನಮ್ಮ ಕಟ್ಟಡದಲ್ಲಿ ನೀರು ಬರುವುದು ಬೆಳಿಗ್ಗೆ ಎರಡು ಗಂಟೆಗಳ ಕಾಲ ಮಾತ್ರ, ಅಷ್ಟರೊಳಗೆ ಅಡುಗೆಮನೆಯ ಡ್ರಮ್ ತುಂಬಿಸಬೇಕು. ಎರಡನೆಯ ಸಲದ ವಿನಿಮಯದಲ್ಲಿ ಮಗಳು ಅದನ್ನು ಮರೆತಳು. ನಲ್ಲಿ ನಿಲ್ಲಲು ಹತ್ತು ನಿಮಿಷ ಇರುವಾಗ ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು, ಆದರೂ ಹೇಳಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಪಾತ್ರೆಗಳು ಸಿಂಕಿನಲ್ಲಿ ಒಣಗುತ್ತಿದ್ದಾಗ ಅವಳೇ ಪಕ್ಕದ ಮನೆಯ ಆಂಟಿಯ ಹತ್ತಿರ ಎರಡು ಬಕೆಟ್ ನೀರು ಕೇಳಿ ತಂದಳು, ಮುಂದೆ ಎಂದೂ ಮರೆಯಲಿಲ್ಲ. ಆದ್ದರಿಂದ ಮೊದಲೇ ಎರಡು ಬಗೆಯ ಮರೆವನ್ನು ಬೇರ್ಪಡಿಸಿಕೊಳ್ಳಿರಿ: ಅಪಾಯ ತರುವಂಥದ್ದಕ್ಕೆ ಕೂಡಲೇ ಮಾತಾಡಬೇಕು, ಕೇವಲ ತೊಂದರೆ ತರುವಂಥದ್ದಕ್ಕೆ ಬಾಯಿ ಮುಚ್ಚಿಕೊಂಡಿರಬೇಕು. ಹಸಿ ಕಸ ಹಸಿರು ಡಬ್ಬಿಗೆ, ಒಣ ಕಸ ನೀಲಿ ಡಬ್ಬಿಗೆ ಹೋಗದಿದ್ದರೆ ಅದು ಎರಡನೆಯ ಬಗೆಯದು.

ಇನ್ನು ದೊಡ್ಡವರ ಪಾಲಿನ ಅರ್ಧ. ಇದನ್ನು ಹೆಚ್ಚಿನವರು ಹಗುರವಾಗಿ ಕಾಣುತ್ತಾರೆ, ಅದರಿಂದಲೇ ವಿನಿಮಯ ಹುಸಿಯಾಗುತ್ತದೆ. ಮಗುವಿನ ಪಾತ್ರವೆಂದರೆ ವಿಶ್ರಾಂತಿಯಲ್ಲ. ಹೇಳಿದ ಹೊತ್ತಿಗೆ ಏಳಬೇಕು, ಬಡಿಸಿದ್ದನ್ನು ಉಣ್ಣಬೇಕು, ಮೊಬೈಲು ಮುಟ್ಟಲು ಅನುಮತಿ ಕೇಳಬೇಕು, ಹೋಂವರ್ಕ್ ಮಾಡಬೇಕು. ಹೋಂವರ್ಕನ್ನು ಬೇರೆ ನೋಟುಬುಕ್ಕಿನಲ್ಲಿ ಮಾಡಿರಿ. ಶಾಲೆಗೆ ಹೋಗುವ ಪುಸ್ತಕದಲ್ಲಿ ಮಗುವಿನ ಕೈಬರಹವೇ ಇರಬೇಕು. ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ಪ್ರಕಾರ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮದುವೆಯಾಗಿ ಇಲ್ಲಿಗೆ ಬಂದ ನನ್ನಂಥವರಿಗೆ ಬಾಜಾರಿನ ಮರಾಠಿ ಬರುತ್ತದೆ, ಪಾಠದ ಮರಾಠಿ ಬರುವುದಿಲ್ಲ. ಕನ್ನಡದಲ್ಲಿ ಬಾಗಿಲು, ಕುರ್ಚಿ, ಪುಸ್ತಕ ಎಲ್ಲವೂ ‘ಅದು’. ಮರಾಠಿಯಲ್ಲಾದರೋ ದರವಾಜಾ ‘ತೊ’, ಖುರ್ಚಿ ‘ತೀ’, ಪುಸ್ತಕ ‘ತೇ’. ನಾನು ಬರೆದ ಹತ್ತು ಮರಾಠಿ ವಾಕ್ಯಗಳಲ್ಲಿ ಆರಕ್ಕೆ ಮಗಳು ಕೆಂಪು ಗೆರೆ ಎಳೆದಾಗ, ಅವಳು ಪ್ರತಿದಿನ ಮನೆಯಲ್ಲಿ ಒಂದು ವ್ಯಾಕರಣವನ್ನೂ ಶಾಲೆಯಲ್ಲಿ ಇನ್ನೊಂದನ್ನೂ ಹೊತ್ತು ನಡೆಯುತ್ತಿದ್ದಾಳೆಂಬುದು ನನಗೆ ಮೊದಲ ಬಾರಿಗೆ ಮನಸ್ಸಿಗೆ ತಟ್ಟಿತು. ‘ಇಷ್ಟು ಸುಲಭವಾದದ್ದೂ ಬರುವುದಿಲ್ಲವೇ’ ಎಂದು ನಾನು ಹಿಂದೆ ಅವಳಿಗೆ ಹೇಳಿದ್ದೆ. ಆ ಮಾತನ್ನು ಅವಳು ಅಂದು ನನಗೆ ಹೇಳಲಿಲ್ಲ.

ಪ್ರತಿಯಾಗಿ, ಮನೆಯ ಸಾಮಾನಿನ ಪಟ್ಟಿಯನ್ನು ಮಗು ಕನ್ನಡದಲ್ಲಿಯೇ ಬರೆಯಲಿ. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡ ಮಾತಾಡುತ್ತಾರೆ, ಆದರೆ ಅಕ್ಷರ ಕೂಡಿಸಿ ಬರೆಯಲು ತಡವರಿಸುತ್ತಾರೆ. ‘ಉದ್ದಿನಬೇಳೆ’, ‘ಕೊತ್ತಂಬರಿ’ ಎಂದು ಅಗತ್ಯಕ್ಕಾಗಿಯೇ ಬರೆಯುವಾಗ ಒತ್ತಕ್ಷರ ಬೇಗ ಕೈಗೆ ಹತ್ತುತ್ತದೆ.

ಮನೆಯಲ್ಲಿ ಅಜ್ಜಿ ಇದ್ದರೆ ಅವರಿಗೆ ಮುಂಚಿತವಾಗಿ ವಿಷಯ ತಿಳಿಸಿರಿ, ಇಲ್ಲವಾದರೆ ‘ಪಾಪ, ಮಗು’ ಎಂದು ಅವರು ಅರ್ಧ ಕೆಲಸ ಮುಗಿಸಿಬಿಡುತ್ತಾರೆ. ಕರೆಯುವ ರೀತಿಯನ್ನು ಬದಲಿಸುವುದು ಅನಗತ್ಯ. ಅಂದು ಕೂಡ ಮಗಳು ನನ್ನನ್ನು ‘ಅಮ್ಮಾ’ ಎಂದೇ ಕರೆದು, ‘ಅಮ್ಮಾ, ಒಂಬತ್ತೂವರೆ ಆಯಿತು, ಮಲಗು’ ಎಂದಳು. ಅದರಿಂದ ಮರ್ಯಾದೆಗೆ ಕುಂದೇನೂ ಬರಲಿಲ್ಲ.

ಭಾನುವಾರ ಏಳು ಗಂಟೆಗೆ ಹೊಣೆಯನ್ನು ಹಿಂದಕ್ಕೆ ಪಡೆಯುವಾಗ ತಪ್ಪುಗಳ ಪಟ್ಟಿ ಓದಬೇಡಿರಿ. ‘ಇವುಗಳಲ್ಲಿ ಯಾವ ಒಂದು ಕೆಲಸವನ್ನು ನೀನೇ ಇಟ್ಟುಕೊಳ್ಳುತ್ತೀ?’ ಎಂಬ ಒಂದೇ ಪ್ರಶ್ನೆ ಕೇಳಿರಿ, ನೀವೂ ಅವರ ದಿನಚರಿಯಿಂದ ಒಂದನ್ನು ಆರಿಸಿಕೊಳ್ಳಿರಿ. ನಮ್ಮಲ್ಲಿ ರಾತ್ರಿ ಹೆಪ್ಪು ಹಾಕುವುದು, ಹಾಲಿನ ಚೀಲ ತೂಗುಹಾಕುವುದು ಈಗ ಮಗಳ ಕೆಲಸ. ನಾನು ಬುಧವಾರ ಮತ್ತು ಶುಕ್ರವಾರ ಅವಳ ಪಕ್ಕದಲ್ಲಿ ಕುಳಿತು ಬಾಲಭಾರತಿಯ (ರಾಜ್ಯದ ಪಠ್ಯಪುಸ್ತಕ ಸಂಸ್ಥೆಯ) ಮರಾಠಿ ಪುಸ್ತಕದ ಒಂದು ಪುಟ ಓದುತ್ತೇನೆ.