ಪರದೇಶದ ರಸ್ತೆಯಲ್ಲಿ ನ್ಯಾವಿಗೇಟರ್ ದಾರಿ ತಪ್ಪಿಸಿದರೆ ಏನು ಮಾಡಬೇಕು?

ಇಟಲಿಯ ಸ್ಟೆಲ್ವಿಯೊ ಘಾಟಿಯನ್ನು ಉತ್ತರ ದಿಕ್ಕಿನಿಂದ ಹತ್ತಿದರೆ 48 ಹೇರ್‌ಪಿನ್ ತಿರುವುಗಳು. ಅಂಥ ಒಂದು ತಿರುವು ದಾಟಿದ ಕೂಡಲೇ ನನ್ನ ಮುಂದಿದ್ದ ಗೆಳೆಯರೊಬ್ಬರಿಗೆ ಬೈಕಿನ ನ್ಯಾವಿಗೇಟರ್ ‘ಹಿಂದಕ್ಕೆ ತಿರುಗಿ’ ಎಂದಿತು. ಅವರು ತಿರುಗಿಸಿಯೇಬಿಟ್ಟರು. ಇಳಿಜಾರಿನಲ್ಲಿ ಕಾಲು ನೆಲಕ್ಕೆ ಎಟುಕಲಿಲ್ಲ. ಸಾಮಾನು ಹೇರಿದ್ದ ಬೈಕ್ ಪಕ್ಕಕ್ಕೆ ವಾಲಿ ಬಿತ್ತು. ಎತ್ತಿ ನಿಲ್ಲಿಸಿ ಪರದೆ ನೋಡಿದರೆ, ಅವರು ಹೋಗುತ್ತಿದ್ದ ದಾರಿ ಸರಿಯಾಗಿಯೇ ಇತ್ತು. ಹಿಂದಿನ ರಾತ್ರಿ ಮಾರ್ಗ ಗುರುತಿಸುವಾಗ ಇಟ್ಟ ಒಂದು ಚುಕ್ಕಿ ಮಾತ್ರ ರಸ್ತೆಯ ಮೇಲೆ ಕೂರದೆ ಪಕ್ಕದ ಕಟ್ಟಡದ ಅಂಗಳದಲ್ಲಿ ಕೂತಿತ್ತು.

ಇಂಥದ್ದನ್ನು ಹಲವು ಸಲ ನೋಡಿದ್ದೇನೆ. ಎಲ್ಲರೂ ಮೊದಲು ಬೈಯುವುದು ಉಪಗ್ರಹವನ್ನು. ಆದರೆ ತಪ್ಪು ಮೂರು ಕಡೆ ಇರಬಹುದು: ನೀವಿರುವ ಸ್ಥಾನ, ಯಂತ್ರದಲ್ಲಿರುವ ನಕ್ಷೆ, ಅದು ಲೆಕ್ಕ ಹಾಕಿದ ಮಾರ್ಗ. ಯಾವುದೆಂದು ಗೊತ್ತಾಗುವವರೆಗೆ ಏನನ್ನೂ ಬದಲಿಸಬೇಡಿ.

<b>1. ಮೊದಲು ನಿಲ್ಲಿ.</b> ಸುರಕ್ಷಿತ ಜಾಗ ಸಿಗುವವರೆಗೆ ಮುಂದಕ್ಕೇ ಹೋಗಿ. ಓಡುತ್ತಿರುವ ಬೈಕಿನ ಮೇಲೆ ಪರದೆ ಒತ್ತಬೇಡಿ.

<b>2. ಬಾಣ ಎಲ್ಲಿದೆ ನೋಡಿ.</b> ಪರದೆಯ ಬಾಣ ನೀವು ನಿಂತ ರಸ್ತೆಯ ಮೇಲೆಯೇ ಇದ್ದರೆ ಸ್ಥಾನ ಸರಿಯಿದೆ, ಮುಂದಿನ ಹಂತಕ್ಕೆ ಹೋಗಿ. ಇಲ್ಲದಿದ್ದರೆ ಬಯಲಿನಲ್ಲಿ ನಿಂತು ಕಾಯಿರಿ. ವಿಮಾನದಿಂದ ಇಳಿದು ಮೊದಲ ಸಲ ಚಾಲೂ ಮಾಡಿದ ಯಂತ್ರದಲ್ಲಿ ಹಳೆಯ ಊರಿನ ಉಪಗ್ರಹ ಮಾಹಿತಿ ಉಳಿದಿರುತ್ತದೆ. ಜಿಪಿಎಸ್ ಉಪಗ್ರಹಗಳ ಪೂರ್ತಿ ಪಟ್ಟಿಯನ್ನು ಆಕಾಶದಿಂದಲೇ ಇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು. ಮೊಬೈಲ್ ಈ ಮಾಹಿತಿಯನ್ನು ಇಂಟರ್‌ನೆಟ್‌ನಿಂದ ಪಡೆಯುವುದರಿಂದ ಡೇಟಾ ಇಲ್ಲದಿದ್ದರೆ ಅದೂ ತಡವರಿಸುತ್ತದೆ. ಚೀನಾದ ವಿಷಯ ಬೇರೆ: ಅಲ್ಲಿನ ನಕ್ಷೆಗಳು ಕಾನೂನಿನ ಪ್ರಕಾರ ಬೇರೆಯದೇ ನಿರ್ದೇಶಾಂಕ (ಅಕ್ಷಾಂಶ, ರೇಖಾಂಶ) ಪದ್ಧತಿಯಲ್ಲಿರುತ್ತವೆ. ಹೊರಗಿನ ನಕ್ಷೆಯಲ್ಲಿ ಬಾಣ ನೂರಾರು ಮೀಟರ್ ಸರಿದಂತೆ ಕಾಣಬಹುದು. ಅಲ್ಲಿ ಸ್ಥಳೀಯ ಆ್ಯಪ್ ಬಳಸಿ.

ಸುರಂಗದಲ್ಲಿ ಉಪಗ್ರಹದ ಸಂಕೇತವೇ ಸಿಗುವುದಿಲ್ಲ. ನಾರ್ವೆಯ ಹಾರ್ಡಾಂಗರ್ ಸೇತುವೆಯ ಎರಡೂ ತುದಿಗಳಲ್ಲಿ ಸುರಂಗದೊಳಗೇ ವೃತ್ತಗಳಿವೆ. ಯಂತ್ರ ಅಂದಾಜಿನಲ್ಲಿ ಮಾತಾಡುವ ಜಾಗವದು. ಒಳಹೋಗುವ ಮುನ್ನವೇ ಮುಂದಿನ ಊರಿನ ಹೆಸರು ಮತ್ತು ರಸ್ತೆಯ ಸಂಖ್ಯೆ ಬಾಯಿಪಾಠವಾಗಿರಲಿ.

<b>3. ‘ಬೇಡ’ ಎಂದು ಹೇಳಿಟ್ಟಿರುವುದನ್ನು ಪರಿಶೀಲಿಸಿ.</b> ಟೋಲ್ ಬೇಡ, ಫೆರ್ರಿ ಬೇಡ ಎಂದು ಎಂದೋ ಆಯ್ಕೆ ಮಾಡಿ ಮರೆತಿರುತ್ತೇವೆ. ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ಪರ್ವತದ ರಸ್ತೆಗೆ ಟೋಲ್ ಇದೆ. ಟೋಲ್ ಬೇಡವೆಂದರೆ ಯಂತ್ರ ನಿಮ್ಮನ್ನು ಆ ಪರ್ವತದಿಂದಲೇ ದೂರ ಒಯ್ಯುತ್ತದೆ. ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಫೆರ್ರಿ ಬಿಟ್ಟರೆ ಫ್ಯೋರ್ಡ್‌ಗಳನ್ನು (ನೆಲದೊಳಗೆ ಚಾಚಿದ ಕಡಲಿನ ಕಿರಿದಾದ ತೋಳುಗಳನ್ನು) ಸುತ್ತುವುದರಲ್ಲೇ ದಿನ ಕಳೆದೀತು. ‘ಅತಿ ಹತ್ತಿರದ ದಾರಿ’ ಎಂಬ ಆಯ್ಕೆಯನ್ನಂತೂ ಎಂದಿಗೂ ಹಾಕಬೇಡಿ, ಅದು ಹೊಲದ ಅಂಚಿನ ಜಲ್ಲಿ ದಾರಿಗೂ ಹೆದ್ದಾರಿಗೂ ಭೇದ ಮಾಡುವುದಿಲ್ಲ.

ಚಳಿಗಾಲದಲ್ಲಿ ಎತ್ತರದ ಘಾಟಿಗಳು ಮುಚ್ಚಿರುತ್ತವೆ. ಸ್ಟೆಲ್ವಿಯೊ 2,700 ಮೀಟರಿಗೂ ಮೇಲಿದೆ, ಮೇ ತಿಂಗಳಲ್ಲೂ ಹಿಮ ಇರಬಹುದು. ಯಂತ್ರದ ಮಾತಿಗಿಂತ ಘಾಟಿಯ ಬುಡದಲ್ಲಿರುವ ಫಲಕವನ್ನು ನಂಬಿ.

<b>4. ಮಾರ್ಗದ ಚುಕ್ಕಿಗಳನ್ನು ಒಂದೊಂದಾಗಿ ನೋಡಿ.</b> ಹೆಚ್ಚಿನ ಸವಾರರು ಎಡವುವುದು ಇಲ್ಲಿಯೇ. ಕಂಪ್ಯೂಟರಿನಲ್ಲಿ ನೀವು ಎಳೆದ ಗೆರೆಯೇ ಬೈಕಿನ ಮೇಲಿನ ಯಂತ್ರಕ್ಕೂ ಹೋಗುತ್ತದೆ ಎಂದುಕೊಳ್ಳಬೇಡಿ. ‘ರೂಟ್’ ಕಳಿಸಿದಾಗ ಬಹಳ ಸಲ ಹೋಗುವುದು ಚುಕ್ಕಿಗಳು ಮಾತ್ರ. ಅವುಗಳ ನಡುವಿನ ದಾರಿಯನ್ನು ಯಂತ್ರ ತನ್ನ ನಕ್ಷೆ, ತನ್ನ ಸೆಟ್ಟಿಂಗ್‌ಗಳ ಪ್ರಕಾರ ಹೊಸದಾಗಿ ಲೆಕ್ಕ ಹಾಕುತ್ತದೆ. ಎರಡೂ ಕಡೆಯ ನಕ್ಷೆ ಬೇರೆಯಾದರೆ ದಾರಿಯೂ ಬೇರೆಯಾಗಬಹುದು. ‘ಟ್ರ್ಯಾಕ್’ ಹಾಗಲ್ಲ, ಅದು ಎಳೆದ ಗೆರೆಯಾಗಿಯೇ ಉಳಿಯುತ್ತದೆ. ಎರಡನ್ನೂ ಯಂತ್ರಕ್ಕೆ ಹಾಕಿ, ಟ್ರ್ಯಾಕಿಗೆ ಬೇರೆ ಬಣ್ಣ ಕೊಡಿ. ಗೆರೆಗಳೆರಡೂ ಬೇರೆಯಾದಲ್ಲಿ ನಾನು ಟ್ರ್ಯಾಕನ್ನೇ ನಂಬುತ್ತೇನೆ.

ಚುಕ್ಕಿ ಇಡುವಾಗ ಪರದೆಯನ್ನು ರಸ್ತೆಯ ಎರಡು ಅಂಚುಗಳೂ ಕಾಣುವಷ್ಟು ಹಿಗ್ಗಿಸಿ. ದೂರದಿಂದ ನೋಡಿದರೆ ಚುಕ್ಕಿ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಹತ್ತಿರದಿಂದ ನೋಡಿದಾಗ ಅದು ಅಡ್ಡರಸ್ತೆಯಲ್ಲೋ ಪಾರ್ಕಿಂಗಿನಲ್ಲೋ ವಿಭಜಿತ ಹೆದ್ದಾರಿಯ ಎದುರು ಪಥದಲ್ಲೋ ಇರುತ್ತದೆ. ಎದುರು ಪಥದಲ್ಲಿದ್ದರೆ ಮುಂದಿನ ನಿರ್ಗಮನದವರೆಗೂ ಹೋಗಿ, ಹಿಂತಿರುಗಿ, ಮತ್ತೆ ತಿರುಗಿ ಬರಲು ಹೇಳುತ್ತದೆ. ಕೂಡುರಸ್ತೆಯ ಮೇಲೆಯೇ ಚುಕ್ಕಿ ಇಡಬೇಡಿ, ಅದನ್ನು ದಾಟಿ ಒಂದೆರಡು ಕಿಲೋಮೀಟರ್ ಮುಂದೆ ಇಡಿ. ಚುಕ್ಕಿಗಳು ಕಡಿಮೆಯಿದ್ದಷ್ಟೂ ತೊಂದರೆ ಕಡಿಮೆ.

ಕೆಲವು ಯಂತ್ರಗಳಲ್ಲಿ ಚುಕ್ಕಿಗಳಲ್ಲಿ ಎರಡು ಬಗೆ. ‘ವಯಾ’ ಚುಕ್ಕಿಯನ್ನು ಮುಟ್ಟಲೇಬೇಕೆಂದು ಯಂತ್ರ ಹಠ ಹಿಡಿಯುತ್ತದೆ. ‘ಶೇಪಿಂಗ್’ ಚುಕ್ಕಿ ದಾರಿಗೆ ಆಕಾರ ಕೊಡುತ್ತದೆಯಷ್ಟೆ, ಅಲ್ಲಿಗೆ ಬಂದಾಗ ಘೋಷಣೆ ಮಾಡುವುದಿಲ್ಲ. ಊಟಕ್ಕೆ, ರಾತ್ರಿ ತಂಗಲು ನಿಲ್ಲುವ ಜಾಗಗಳನ್ನು ಮಾತ್ರ ವಯಾ ಮಾಡಿ. ಚುಕ್ಕಿ ತಪ್ಪಿಹೋಗಿ ಹಿಂತಿರುಗಲು ಹೇಳುತ್ತಲೇ ಇದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುವ ಆಯ್ಕೆ ಎಲ್ಲಿದೆ ಎಂದು ಹೊರಡುವ ಮುನ್ನವೇ ಹುಡುಕಿಟ್ಟುಕೊಳ್ಳಿ. ಮಾರ್ಗವನ್ನು ನಡುವಿನಿಂದ ಮತ್ತೆ ಆರಂಭಿಸಿದಾಗ ‘ಮುಂದಿನ ಗುರಿ ಯಾವುದು’ ಎಂದು ಕೇಳಿದರೆ, ನಿಮ್ಮ ಮುಂದಿರುವ ಚುಕ್ಕಿಯನ್ನೇ ಆರಿಸಿ. ಪಟ್ಟಿಯ ಮೊದಲನೆಯದನ್ನು ಒತ್ತಿದರೆ ಬೆಳಗ್ಗೆ ಬಿಟ್ಟ ಹೋಟೆಲಿಗೇ ಕರೆದೊಯ್ಯುತ್ತದೆ.

<b>5. ನಿರ್ದೇಶಾಂಕದ ರೂಪ ನೋಡಿ.</b> ಅಕ್ಷಾಂಶ 46.52 ಡಿಗ್ರಿಯೇ ಬೇರೆ, 46 ಡಿಗ್ರಿ 52 ಮಿನಿಟೇ ಬೇರೆ (ಒಂದು ಡಿಗ್ರಿಗೆ 60 ಮಿನಿಟು). ಒಂದರ ಬದಲು ಇನ್ನೊಂದನ್ನು ಒತ್ತಿದರೆ ಸುಮಾರು 38 ಕಿಲೋಮೀಟರ್ ಆಚೆ ಇರುತ್ತೀರಿ.

<b>6. ಮೊಬೈಲೇ ಸೋತಿದೆಯೇ ನೋಡಿ.</b> ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಚಾಲೂ ಇದ್ದರೆ ಬಾಣ ತಡವಾಗಿ ಚಲಿಸಬಹುದು. ಬಿಸಿಲಿಗೆ ಕಾದ ಮೊಬೈಲ್ ಪರದೆಯನ್ನು ಮಂಕಾಗಿಸುತ್ತದೆ. ಅಗ್ಗದ ಆಯಸ್ಕಾಂತದ ಹಿಡಿಕೆಗಳನ್ನು ಕೊಳ್ಳಲೇಬೇಡಿ. ನಾನು ಕೊಂಡಿದ್ದು ಎರಡನೇ ದಿನವೇ ಮೊಬೈಲನ್ನು ರಸ್ತೆಗೆ ಬೀಳಿಸಿತು. ಬೈಕಿನ ಕಂಪನದಿಂದ ಐಫೋನಿನ ಕ್ಯಾಮೆರಾ ಹಾಳಾಗಬಹುದು ಎಂದು ಆ್ಯಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿದೆ. ಕಂಪನ ತಡೆಯುವ ರಬ್ಬರಿನ ಹಿಡಿಕೆಗೆ ದುಡ್ಡು ಹಾಕಿ. ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳದೆ ಗಡಿ ದಾಟಬೇಡಿ.

ಇಷ್ಟೆಲ್ಲ ಮಾಡಿಯೂ ಬೆಳಗ್ಗೆ ಹೊರಡುವ ಮುನ್ನ ನಾನು ಟ್ಯಾಂಕಿನ ಮೇಲೆ ಬಿಳಿ ಅಂಟುಪಟ್ಟಿ ಹಚ್ಚಿ ದಪ್ಪ ಪೆನ್ನಿನಲ್ಲಿ ಆ ದಿನದ ದಾರಿ ಬರೆಯುತ್ತೇನೆ. ಸ್ಟೆಲ್ವಿಯೊ ಹತ್ತಿದ ದಿನ ಅದರಲ್ಲಿ ಇದ್ದದ್ದು ಒಂದೇ ಸಾಲು: ಪ್ರಾಟೊ, ಎಸ್‌ಎಸ್ 38, ಬೋರ್ಮಿಯೊ. ಹೊರಡುವ ಊರು, ರಸ್ತೆಯ ಸಂಖ್ಯೆ, ತಲುಪುವ ಊರು. ಬಿದ್ದ ಬೈಕ್ ಎತ್ತಿ ನಿಲ್ಲಿಸಿದ ಮೇಲೆ ಗೆಳೆಯರು ಯಂತ್ರ ಆಫ್ ಮಾಡಿ, ಆ ಪಟ್ಟಿ ನೋಡಿಕೊಂಡೇ ಬೋರ್ಮಿಯೊವರೆಗೆ ಬಂದರು.